ಒಂದು ಇಂಚಿನ ಪಿರಿ: ಮದ್ದಿನ ಪಂಪಿಗೆ ನಟ್ಟು ಮಾಡಿದ ಕಥೆ

ಜುಲೈ ಎರಡನೆಯ ವಾರ. ಮೂರು ದಿನ ಬಿಡದೆ ಹೊಯ್ದ ಮಳೆ ಅಂದು ಬೆಳಗ್ಗೆ ಹೊಳವಾಗಿತ್ತು. ಅಡಿಕೆಗೆ ಎರಡನೆಯ ಸಲ ಮದ್ದು, ಅಂದರೆ ಸುಣ್ಣ ಮತ್ತು ಮೈಲುತುತ್ತಿನ (ತಾಮ್ರದ ಸಲ್ಫೇಟಿನ) ದ್ರಾವಣ, ಬಿಡಲು ಕಾಸರಗೋಡಿನ ನಮ್ಮ ಬದಿಯಡ್ಕದ ಕಡೆಯವರೆಲ್ಲ ಕಾಯುವುದು ಇಂಥ ಹೊಳವಿಗೇ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು ಅಲ್ಲಿಂದ 40-45 ದಿನಕ್ಕೆ. ಅದು ತಪ್ಪಿದರೆ ಕೊಳೆರೋಗ ಗೊನೆಯಿಂದ ಗೊನೆಗೆ ಹಬ್ಬುತ್ತದೆ, ತೋಟದ ನೆಲದ ತುಂಬ ಹಸಿ ಕಾಯಿ ಉದುರುತ್ತದೆ. ಹಾಗಾಗಿ ಅಪ್ಪ ಏಳು ಗಂಟೆಗೇ ಸುಣ್ಣ ಕದಡಲು ಕುಳಿತಿದ್ದರು. ಮದ್ದು ಬಿಡುವ ಅಣ್ಣ ಪಂಪು ಚಾಲೂ ಮಾಡಿ, ಎರಡು ನಿಮಿಷಕ್ಕೆ ನಿಲ್ಲಿಸಿದರು.

"ಅಕ್ಕಾ, ಇದು ಮದ್ದು ಎಳೆಯುವುದಿಲ್ಲ, ಗಾಳಿ ಎಳೆಯುತ್ತಿದೆ. ಪೈಪು ನೋಡಿ."

ಡ್ರಮ್ಮಿನಿಂದ ಪಂಪಿಗೆ ಹೋಗುವ ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳ ಸಾಲು ಓಡುತ್ತಿತ್ತು. ಫಿಲ್ಟರಿಗೆ ಪೈಪು ಸೇರುವಲ್ಲಿರುವ ಪ್ಲಾಸ್ಟಿಕ್ ನಟ್ಟು ಸೀಳಿತ್ತು. ಸೀಳು ಶುರುವಾದದ್ದು ಒಳಗಿನ ಅಂಚು ಮತ್ತು ಥ್ರೆಡ್ಡು (ತಿರುಪಿನ ಸುರುಳಿಗೆರೆ) ಕೂಡುವ ಮೂಲೆಯಿಂದ. ಪ್ರತಿ ಸಲ ಪೈಪು ಸ್ಪ್ಯಾನರ್ ಹಾಕಿ ಬಿಗಿದ ಬಲವೆಲ್ಲ ಆ ಒಂದು ಚೂಪು ಮೂಲೆಗೆ ಬಿದ್ದಿರಬೇಕು.

ಪೇಟೆಗೆ ಹೋಗಿ ವಿಚಾರಿಸಿದೆ. ನಟ್ಟು ಬಿಡಿಯಾಗಿ ಸಿಗುವುದಿಲ್ಲ, ಫಿಲ್ಟರ್ ಇಡಿಯಾಗಿ ಮಂಗಳೂರಿನಿಂದ ಬರಬೇಕು, ಒಂದು ವಾರವಾದೀತು ಎಂದರು. ಮನೆಯಿಂದಲೇ ಯಂತ್ರಭಾಗಗಳ ನಕ್ಷೆ ಬಿಡಿಸುವ ಕೆಲಸ ನನ್ನದು. ಮೇಜಿನ ಮೇಲೆ ಒಂದು ತ್ರೀಡಿ ಪ್ರಿಂಟರ್ ಇದೆ. ಆದರೆ ಕೆಲಸದ ನಕ್ಷೆಗಳಲ್ಲಿ ನಾನು ಥ್ರೆಡ್ಡನ್ನು ನಿಜವಾಗಿ ಕೊರೆಯುವುದೇ ಇಲ್ಲ. ಎರಡು ಗೆರೆ ಎಳೆದು ಅಳತೆ ಬರೆದರೆ ಲೇತಿನವರಿಗೆ ಸಾಕಾಗುತ್ತದೆ, ಟ್ಯಾಪು ಡೈಗಳು ಮಿಕ್ಕಿದ್ದನ್ನು ಮಾಡುತ್ತವೆ. ಪ್ರಿಂಟರಿಗೆ ಹಾಗೆ ಸಾಗುವುದಿಲ್ಲ. ಮಾದರಿಯಲ್ಲಿ ಇಲ್ಲದ ತಗ್ಗು ಪ್ಲಾಸ್ಟಿಕ್ಕಿನಲ್ಲೂ ಬರುವುದಿಲ್ಲ. ಅಂದರೆ ಪ್ರತಿಯೊಂದು ಸುತ್ತನ್ನೂ ನಾನೇ ಬಿಡಿಸಬೇಕು.

ನಮ್ಮ ಗಡಿನಾಡಿನಲ್ಲಿ ಥ್ರೆಡ್ಡಿಗೆ ಪಿರಿ ಎನ್ನುತ್ತಾರೆ. ಮಲಯಾಳದಲ್ಲೂ ನಮ್ಮ ಕಡೆಯ ಕನ್ನಡ, ತುಳುಗಳಲ್ಲೂ ಇರುವ ಮಾತು ಅದು. ಹುರಿಗೊಳ್ಳುವುದು, ತಿರುಗುವುದು ಎಲ್ಲ ಅದರಲ್ಲಿ ಕೇಳಿಸುವುದರಿಂದ ನನಗೆ ಅದು ಇಷ್ಟ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮೊದಲು ಶುಚಿ ಮಾಡುವ ಕೆಲಸ. ಫಿಲ್ಟರಿನ ಹೊರಪಿರಿಯ ತಗ್ಗುಗಳಲ್ಲಿ ವರ್ಷಗಳ ಸುಣ್ಣ, ಮೈಲುತುತ್ತು ಕಟ್ಟಿಕೊಂಡು ನೀಲಿ ಸಿಮೆಂಟಿನಂತಾಗಿತ್ತು. ಹಿತ್ತಿಲಿನ ಬಿಂಬುಳಿ ಎಂಬ ಹುಳಿಕಾಯಿ ಜಜ್ಜಿ ಅದರ ರಸದಲ್ಲಿ ಅರ್ಧ ಗಂಟೆ ನೆನೆಸಿದೆ. ಸುಣ್ಣ ನೊರೆ ಬಿಟ್ಟು ಸಡಿಲವಾಯಿತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಾಗ ಪಿರಿಯ ಅಂಚು ಹೊಳೆದು ಕಂಡಿತು. ಸುಣ್ಣ ತೆಗೆಯದೆ ಅಳೆದರೆ ಅಳೆದದ್ದು ಸುಣ್ಣವನ್ನೇ ಆಗುತ್ತದೆ.

ವರ್ನಿಯರ್ ಹಿಡಿದೆ. ಹೊರವ್ಯಾಸ 33.0 ಮಿ.ಮೀ. ಎರಡು ಶಿಖರಗಳ ನಡುವಿನ ಅಂತರವನ್ನು, ಅಂದರೆ ಪಿಚ್ಚನ್ನು, ವರ್ನಿಯರಿನ ಮೊನೆಯಿಂದ ನೋಡಿದಾಗ ಎರಡಕ್ಕಿಂತ ಸ್ವಲ್ಪ ಹೆಚ್ಚು ಕಂಡಿತು. ಮೆಟ್ರಿಕ್ ಸೂಕ್ಷ್ಮ ಪಿಚ್ ಸಾಲಿನಲ್ಲಿ ಎಂ33 × 2 (33 ಮಿ.ಮೀ. ವ್ಯಾಸ, 2 ಮಿ.ಮೀ. ಪಿಚ್) ಎಂಬುದೊಂದು ಇದೆ. ಅದೇ ಇರಬೇಕೆಂದು ಹಿಡಿದು, ಒಂದು ಗಂಟೆಯಲ್ಲಿ ಮಾದರಿ ಮುಗಿಸಿ, ಪ್ರಿಂಟಿಗೆ ಹಾಕಿದೆ. ಬಂದ ನಟ್ಟು ಒಂದು ಸುತ್ತು ಸಲೀಸಾಗಿ ಹತ್ತಿತು, ಒಂದೂವರೆಗೆ ಕಚ್ಚಿಕೊಂಡಿತು. ಒಳವ್ಯಾಸವನ್ನು 0.3 ಮಿ.ಮೀ. ದೊಡ್ಡದು ಮಾಡಿ ಇನ್ನೊಂದು ತೆಗೆದೆ. ಅದು ಎರಡು ಸುತ್ತು ಹೋಗಿ ಕಚ್ಚಿತು, ಮೇಲಾಗಿ ಅಲ್ಲಾಡತೊಡಗಿತು.

ಒಂದು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುವ ಪಿರಿಗೆ ವ್ಯಾಸದ ತೊಂದರೆ ಇರುವುದಿಲ್ಲ. ವ್ಯಾಸ ಸಾಲದಿದ್ದರೆ ಮೊದಲ ಕಾಲು ಸುತ್ತಿಗೇ ಗೊತ್ತಾಗುತ್ತದೆ. ಪಿಚ್ ತಪ್ಪಿದ್ದರೆ ತಪ್ಪು ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುತ್ತದೆ. ವ್ಯಾಸದಲ್ಲಿ ಬೇಕಷ್ಟು ಸಡಿಲ ಕೊಟ್ಟು ದಾರಿ ಮಾಡಿಕೊಳ್ಳಬಹುದು, ಪಿಚ್ಚಿನ ತಪ್ಪನ್ನು ಯಾವ ಸಡಿಲವೂ ನುಂಗಲಾರದು. ಎರಡು ನಟ್ಟು ಹಾಳಾದ ಮೇಲೆ ನಾನು ಗಟ್ಟಿಯಾಗಿ ಹಿಡಿದುಕೊಂಡದ್ದು ಇದನ್ನು.

ಹಾಗಾದರೆ ಪಿಚ್ಚನ್ನು ಸರಿಯಾಗಿ ಅಳೆಯುವುದು ಹೇಗೆ? ಒಂದು ಅಂತರವನ್ನು ಅಳೆಯಬಾರದು, ಹಲವನ್ನು ಒಟ್ಟಿಗೆ ಅಳೆದು ಭಾಗಿಸಬೇಕು. ಪಿರಿಯ ಮೇಲೆ ತೆಳು ಕಾಗದ ಇಟ್ಟು, ಮಕ್ಕಳು ನಾಣ್ಯದ ಅಚ್ಚು ತೆಗೆಯುವಂತೆ ಪೆನ್ಸಿಲನ್ನು ಮಲಗಿಸಿ ಉಜ್ಜಿದೆ. ಆರು ಕಪ್ಪು ಗೆರೆಗಳು ಮೂಡಿದವು. ಮೊದಲನೆಯದರಿಂದ ಆರನೆಯದಕ್ಕೆ 11.5 ಮಿ.ಮೀ. ಐದು ಅಂತರ ಎಂದರೆ ಒಂದೊಂದಕ್ಕೆ 2.3. ಇಂಚಿನ 25.4 ಮಿ.ಮೀ.ಯನ್ನು 2.3ರಿಂದ ಭಾಗಿಸಿದರೆ 11.04. ಇಂಚಿಗೆ ಹನ್ನೊಂದು ಪಿರಿ!

ಆ ಹನ್ನೊಂದು ಕಂಡ ಕೂಡಲೇ ಎಲ್ಲ ತಿಳಿಯಾಯಿತು. ಇದು ಒಂದು ಇಂಚಿನ ಬಿಎಸ್‌ಪಿ (ಬ್ರಿಟಿಷ್ ಸ್ಟ್ಯಾಂಡರ್ಡ್ ಪೈಪ್), ನಮ್ಮ ಎಲ್ಲ ನೀರಿನ ಪೈಪುಗಳಲ್ಲಿರುವ ಪಿರಿ. ಖಚಿತ ಮಾಡಿಕೊಳ್ಳಲು ಬಚ್ಚಲಿನ ಹಿಂದೆ ಬಿದ್ದಿದ್ದ ಒಂದು ಇಂಚಿನ ಪಿವಿಸಿ ಎಫ್‌ಟಿಎಯನ್ನು (ಒಳಪಿರಿ ಇರುವ ಪೈಪು ಜೋಡಕವನ್ನು) ತಿರುಗಿಸಿ ನೋಡಿದೆ, ಕೊನೆಯವರೆಗೂ ಹತ್ತಿತು. ಅದನ್ನೇ ಹಾಕಬಾರದೇ ಎಂದು ಅಪ್ಪ ಕೇಳಿದರು. ಹಾಕಬಹುದಿತ್ತು, ಆದರೆ ಈ ನಟ್ಟು ತಾನು ತಿರುಗುತ್ತಾ ಒಳಗಿನ ಅಂಚಿನಿಂದ ಪೈಪಿನ ನಿಪ್ಪಲನ್ನು ವಾಷರಿನ ಮೇಲೆ ಒತ್ತಿ ಹಿಡಿಯಬೇಕು. ಎಫ್‌ಟಿಎಗೆ ಆ ಅಂಚಿಲ್ಲ.

ಒಂದು ಇಂಚಿನ ಪಿರಿ ಎಂದರೂ ಇದರಲ್ಲಿ ಎಲ್ಲಿಯೂ ಒಂದು ಇಂಚಿಲ್ಲ ಎಂಬುದು ಹೊಸಬರನ್ನು ಕಾಡುವ ಸಂಗತಿ. ಹೊರವ್ಯಾಸ 33.249 ಮಿ.ಮೀ., ಬುಡದ ವ್ಯಾಸ 30.291, ಪಿಚ್ 2.309. ಒಂದು ಇಂಚು ಎನ್ನುವುದು ಹಿಂದಿನ ಕಾಲದ ಕಬ್ಬಿಣದ ಪೈಪಿನ ಒಳಗಂಡಿಯ ಹೆಸರು, ಪಿರಿ ಕೊರೆಯುವುದು ಹೊರಗಿನ ದಪ್ಪದ ಮೇಲೆ. ಅರ್ಧ ಇಂಚಿನದೂ ಹಾಗೆಯೇ, ಅದರ ಹೊರವ್ಯಾಸ 20.955. ಕೋನವೂ ಬೇರೆ. ಮೆಟ್ರಿಕ್ ಪಿರಿಯ ಕೋನ 60 ಡಿಗ್ರಿ, ಇದರದ್ದು 55. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಹಲವು ಕಾರ್ಖಾನೆಗಳ ತಿರುಪುಗಳನ್ನು ತರಿಸಿ, ಅಳೆದು, ಸರಾಸರಿ ಹಿಡಿದು 1841ರಲ್ಲಿ ಮುಂದಿಟ್ಟ ಕೋನ ಅದು. ಅಲ್ಲಿಯವರೆಗೆ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಹತ್ತುತ್ತಿರಲಿಲ್ಲ. ಆ ಸರಾಸರಿ ಇವತ್ತು ನಮ್ಮ ತೋಟದ ಮದ್ದಿನ ಪಂಪಿನಲ್ಲಿ ಕುಳಿತಿದೆ. ಅಳತೆ ಎಂಬುದು ಎಷ್ಟು ದೂರ ಬರುತ್ತದೆ ಎಂದು ನನಗೆ ಆ ಸಂಜೆ ನಿಜಕ್ಕೂ ಬೆರಗಾಯಿತು.

ಇನ್ನು ಮಾದರಿ. ನಾನು ಬಳಸಿದ್ದು ಫ್ರೀಕ್ಯಾಡ್ ಎಂಬ ನಕ್ಷೆಯ ತಂತ್ರಾಂಶ. ಸಿದ್ಧ ಪಟ್ಟಿಯಿಂದ ಪಿರಿ ಆರಿಸುವ ದಾರಿ ಬಿಟ್ಟು, ಸುರುಳಿಯಾಗಿ ಕೊರೆಯುವ ಸಬ್‌ಟ್ರ್ಯಾಕ್ಟಿವ್ ಹೆಲಿಕ್ಸ್ ಉಪಕರಣದಿಂದ ನಾನೇ ಕೊರೆದೆ. ಸಡಿಲ ಎಲ್ಲಿ ಎಷ್ಟು ಕೊಡಬೇಕೆಂಬುದು ನನ್ನ ಕೈಯಲ್ಲಿರಬೇಕಿತ್ತು. ಪಿಚ್, ಹೊರವ್ಯಾಸ, ಸಡಿಲ ಈ ಮೂರನ್ನೂ ಸ್ಪ್ರೆಡ್‌ಶೀಟಿನಲ್ಲಿ ಹೆಸರಿಟ್ಟು ಬರೆದು, ಸ್ಕೆಚ್ಚಿನ ಅಳತೆಗಳನ್ನು ಅವಕ್ಕೆ ಕಟ್ಟಿದೆ. ಒಂದು ಅಂಕಿ ಬದಲಿಸಿದರೆ ಇಡೀ ನಟ್ಟು ಬದಲಾಗುತ್ತದೆ.

ನಟ್ಟಿನ ಒಳಪಿರಿ ಎಂದರೆ ಒಂದು ತಗ್ಗು ಸುರುಳಿಯಾಗಿ ಏರುತ್ತಾ ಹೋಗುವುದು. ಆ ತಗ್ಗಿನ ಅಡ್ಡಕೊಯ್ತವನ್ನು ಸ್ಕೆಚ್ಚಿನಲ್ಲಿ ಬಿಡಿಸಬೇಕು. ವಿಟ್‌ವರ್ತ್ ಪಿರಿಯ ಶಿಖರ, ಬುಡ ಎರಡೂ ದುಂಡಗಿರುತ್ತವೆ. 0.4 ಮಿ.ಮೀ. ನಳಿಕೆಯ ಪ್ರಿಂಟರಿಗೆ ಆ ದುಂಡು ತಲುಪುವುದಿಲ್ಲವಾದ್ದರಿಂದ ನಾನು ಚಪ್ಪಟೆ ಮಾಡಿದೆ. ಆಗ ಚಪ್ಪಟೆಯ ಅಗಲ ಪಿಚ್ಚಿನ ಆರನೆಯ ಒಂದು ಪಾಲು, 0.385 ಮಿ.ಮೀ. ಪಿರಿಯ ಆಳ ಪಿಚ್ಚಿನ 0.6403 ಪಟ್ಟು, 1.479 ಮಿ.ಮೀ. ತಗ್ಗು ಬಾಯಿಯಲ್ಲಿ 1.924 ಅಗಲ, ತಳದಲ್ಲಿ 0.385. ತ್ರಾಪಿಜ್ಯದ ಒಂದು ಚಿಕ್ಕ ಚೌಕಟ್ಟು, ಅಷ್ಟೇ.

ಅದನ್ನು ತಗ್ಗಿನ ಬಾಯಿ ಗಂಡಿಯ ಗೋಡೆಗೆ ಸರಿಯಾಗಿ ತಾಗುವಂತೆ ಬಿಡಿಸಿ ಒತ್ತಿದರೆ ತಂತ್ರಾಂಶ ಕೆಂಪು ಸಾಲು ತೋರಿಸಿ ನಿಂತಿತು. ಕಾರಣ ಹೊಳೆಯಲು ಹೊತ್ತು ಹಿಡಿಯಿತು. ಎರಡು ಮೇಲ್ಮೈಗಳು ಒಂದರ ಮೇಲೊಂದು ಕೂದಲೆಳೆ ಅಂತರವೂ ಇಲ್ಲದೆ ಕುಳಿತರೆ, ಯಾವುದು ಒಳಗೆ ಯಾವುದು ಹೊರಗೆ ಎಂದು ಲೆಕ್ಕಕ್ಕೆ ತೀರ್ಮಾನಿಸಲು ಆಗುವುದಿಲ್ಲ. ಕೊರೆಯುವ ಆಕಾರ ಗೋಡೆಯನ್ನು ದಾಟಿ ಗಂಡಿಯ ಖಾಲಿ ಜಾಗಕ್ಕೆ ಸ್ವಲ್ಪ ಚಾಚಿಕೊಂಡಿರಬೇಕು. ಸರಿ, ಇಳಿಜಾರುಗಳನ್ನು ಅದೇ ಕೋನದಲ್ಲಿ ಒಳಕ್ಕೆ 0.4 ಮಿ.ಮೀ. ಬೆಳೆಸಿದೆ. ಮತ್ತೆ ಕೆಂಪು. ಈ ಸಲ ತೊಂದರೆ ಬೇರೆ. ಒಳಕ್ಕೆ ಬೆಳೆದಂತೆ ಆಕಾರ ಅಗಲವಾಗುತ್ತದೆ. 0.37 ಮಿ.ಮೀ. ಬೆಳೆದಾಗ ಅಗಲ ಸರಿಯಾಗಿ 2.309 ಆಗುತ್ತದೆ, ಅಂದರೆ ಪಿಚ್ಚಿನಷ್ಟೇ. ಅಲ್ಲಿಗೆ ಒಂದು ಸುತ್ತು ಮೇಲಿನ ಸುತ್ತನ್ನು ತಾಗುತ್ತದೆ, ಅದನ್ನೂ ದಾಟಿದರೆ ಸುರುಳಿ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. 0.2 ಮಿ.ಮೀ.ಗೆ ಇಳಿಸಿದೆ. ಅಗಲ 2.132, ಸುತ್ತಿಗೂ ಸುತ್ತಿಗೂ ನಡುವೆ 0.177 ಉಳಿಯಿತು. ಒತ್ತಿದ ಕೂಡಲೇ ಸುರುಳಿ ಕೆಳಗಿನಿಂದ ಮೇಲಕ್ಕೆ ನಯವಾಗಿ ಏರಿತು. ಹೆಲಿಕ್ಸ್ ಕೈಕೊಡುತ್ತದೆ ಎಂದು ದೂರುವವರು ಮೊದಲು ಈ ಎರಡು ಅಂಚುಗಳನ್ನು ನೋಡಬೇಕು: ಗೋಡೆಗೆ ಬರೀ ತಾಗಿಕೊಂಡಿರಬಾರದು, ಪಕ್ಕದ ಸುತ್ತನ್ನು ತಾಗಲೂ ಬಾರದು.

ಪಿರಿಯ ಎರಡು ತುದಿಗಳಿಗೂ ಗಮನ ಬೇಕು. ಬಾಯಿಯ ಕಡೆ ಹೆಲಿಕ್ಸನ್ನು ನಟ್ಟಿನಿಂದ ಒಂದು ಪಿಚ್ಚಿನಷ್ಟು ಹೊರಗಿನಿಂದಲೇ ಶುರು ಮಾಡಿದೆ, ಬಾಯಂಚನ್ನು 45 ಡಿಗ್ರಿಗೆ ಸವರಿದೆ. ಇಲ್ಲದಿದ್ದರೆ ಮೊದಲ ಸುತ್ತು ಅರ್ಧ ಗೋಡೆಯಾಗಿ ನಿಂತು, ನಟ್ಟು ಹಿಡಿಯುವ ಮೊದಲೇ ಅಡ್ಡ ಪಿರಿ ಹತ್ತುತ್ತದೆ. ತಳದ ಕಡೆ, ಅಂಚಿಗೆ ಮುಂಚೆ, ಪಿರಿಗಿಂತ ಸ್ವಲ್ಪ ಆಳವಾಗಿ 3 ಮಿ.ಮೀ. ಅಗಲದ ಸುತ್ತುಗಾಲುವೆ ಕೊರೆದೆ. ಸುರುಳಿ ಅದರೊಳಗೆ ಹೋಗಿ ಮುಗಿಯುತ್ತದೆ. ಲೇತಿನವರು ಒಳಪಿರಿ ಕೊರೆಯುವಾಗ ಉಪಕರಣ ಹೊರಬರಲು ಜಾಗ ಬಿಡುವುದೂ ಹೀಗೆಯೇ. ಆ ಕಾಲುವೆ ಅಂಚನ್ನು ಸೇರುವ ಮೂಲೆಗೆ 1.5 ಮಿ.ಮೀ. ದುಂಡು ಕೊಟ್ಟೆ, ಅಂಚಿನ ದಪ್ಪ 5 ಮಿ.ಮೀ. ಇಟ್ಟೆ. ಹಳೆಯ ನಟ್ಟು ಸೀಳಿದ ಜಾಗ ಅದೇ ಅಲ್ಲವೇ.

ಸಡಿಲದ ಲೆಕ್ಕಕ್ಕೆ ಬರುತ್ತೇನೆ. ತ್ರಿಜ್ಯದಲ್ಲಿ 0.2 ಮಿ.ಮೀ. ಬಿಟ್ಟರೆ ಎಲ್ಲ ಕಡೆಯೂ 0.2 ಬಿಟ್ಟಂತೆ ಎಂದು ಭಾವಿಸಿದ್ದೆ. ಇಳಿಜಾರು ಗೋಡೆಗೆ ಹಾಗಾಗುವುದಿಲ್ಲ. ಅಡ್ಡಕೊಯ್ತವನ್ನು ಹೊರಕ್ಕೆ 0.2 ಸರಿಸಿದಾಗ ಇಳಿಜಾರುಗಳ ನಡುವೆ, ಅಕ್ಷದ ದಿಕ್ಕಿನಲ್ಲಿ, ಸಿಗುವುದು ಅದರ 0.52 ಪಟ್ಟು, ಬದಿಗೆ ಬರೀ 0.1 ಮಿ.ಮೀ. ಪ್ಲಾಸ್ಟಿಕ್ಕಿನ ಒಂದು ಎಳೆ ಸ್ವಲ್ಪ ಉಬ್ಬಿದರೆ ಆ 0.1 ಮುಗಿಯಿತು. ಅದಕ್ಕೇ 0.3ಕ್ಕೆ ಏರಿಸಿದೆ. ಗಂಡಿ 30.89, ತಗ್ಗಿನ ತಳ 33.85 ಆಯಿತು, ಇಳಿಜಾರಿನಲ್ಲಿ 0.156 ಸಿಕ್ಕಿತು. ಪಿಚ್ ಮಾತ್ರ 2.309, ಅದಕ್ಕೆ ಕೈ ಹಚ್ಚಲಿಲ್ಲ.

ನಟ್ಟು ಇಡಿಯಾಗಿ ತೆಗೆದು ಪ್ಲಾಸ್ಟಿಕ್ ಹಾಳು ಮಾಡುವ ಬದಲು ಈ ಸಲ ಮೂರು ಸುತ್ತಿನ ಬಳೆಯೊಂದನ್ನು ಮಾತ್ರ ಪ್ರಿಂಟ್ ಮಾಡಿದೆ, 7 ಮಿ.ಮೀ. ಎತ್ತರ. ಅದು ಬಿಗಿಯಾಯಿತು. ಬೆಳಕಿಗೆ ಹಿಡಿದು ನೋಡಿದರೆ ಒಳಗಂಡಿ ವೃತ್ತವಾಗಿರಲಿಲ್ಲ, ಮೂವತ್ತು ಬದಿಗಳ ಬಹುಭುಜವಾಗಿತ್ತು. ಮಾದರಿಯನ್ನು ಎಸ್‌ಟಿಎಲ್ (ಪ್ರಿಂಟಿಗೆ ಬಳಸುವ ಕಡತ) ಮಾಡುವಾಗ ವಕ್ರರೇಖೆಗಳು ನೇರ ತುಂಡುಗಳಾಗುತ್ತವೆ. ಮೇಲ್ಮೈ ವ್ಯತ್ಯಾಸ 0.1 ಮಿ.ಮೀ. ಎಂದಿದ್ದುದನ್ನು ನಾನು ಹಾಗೆಯೇ ಬಿಟ್ಟಿದ್ದೆ. ಗಂಡಿಯ ವಿಷಯದಲ್ಲಿ ಈ ನೇರ ತುಂಡುಗಳು ಯಾವಾಗಲೂ ಒಳಕ್ಕೆ, ಖಾಲಿ ಜಾಗದ ಕಡೆಗೆ ಚಾಚುತ್ತವೆ. ನಾನು ಲೆಕ್ಕ ಹಾಕಿ ಕೊಟ್ಟ 0.3ರಲ್ಲಿ 0.1ನ್ನು ಅವು ತಿಂದಿದ್ದವು. 0.01ಕ್ಕೆ ಇಳಿಸಿದೆ. ಕಡತ ದೊಡ್ಡದಾಯಿತು, ಗಂಡಿ ದುಂಡಗಾಯಿತು.

ಎರಡನೆಯ ಬಳೆ ಅರ್ಧವಾದಾಗ ಕರೆಂಟು ಹೋಯಿತು. ಗಾಳಿಗೆ ಎಲ್ಲೋ ತೆಂಗಿನ ಮಡಲು ತಂತಿಯ ಮೇಲೆ ಬಿದ್ದಿತ್ತು. ರಾತ್ರಿ ಒಂಬತ್ತಕ್ಕೆ ಬಂದಾಗ ಹೊಸದಾಗಿ ಶುರು ಮಾಡಿದೆ. ಅಷ್ಟರಲ್ಲಿ ಪದರದ ದಪ್ಪದ ಬಗ್ಗೆ ಯೋಚಿಸಲು ಹೊತ್ತು ಸಿಕ್ಕಿತು. ನಟ್ಟನ್ನು ನಿಲ್ಲಿಸಿ ಪ್ರಿಂಟ್ ಮಾಡುವಾಗ ಪಿರಿಯ ಕೆಳಮೈ ಅಡ್ಡಕ್ಕೆ 27.5 ಡಿಗ್ರಿಯಷ್ಟೇ ಇಳಿಜಾರಾಗಿರುತ್ತದೆ, ಹೆಚ್ಚುಕಡಿಮೆ ಗಾಳಿಯಲ್ಲಿ ಚಾಚಿದ ಚಾವಡಿಯ ಮಾಡಿನಂತೆ. 0.2 ಮಿ.ಮೀ. ಪದರವಾದರೆ ಪ್ರತಿ ಪದರ ಕೆಳಗಿನದಕ್ಕಿಂತ 0.38 ಹೊರಕ್ಕೆ ಚಾಚಬೇಕು. ನಳಿಕೆಯ ಎಳೆಯ ಅಗಲವೇ 0.4. ಅಂದರೆ ಎಳೆ ಬಹುಪಾಲು ಗಾಳಿಯಲ್ಲಿ. ಮೊದಲ ಬಳೆಯ ಒಳಗೆ ನೂಲಿನಂತೆ ಜೋತಿದ್ದವು ಇವೇ. 0.12 ಪದರಕ್ಕೆ ಚಾಚು 0.23ಕ್ಕೆ ಇಳಿಯುತ್ತದೆ, ಎಳೆಯ ಅರ್ಧಕ್ಕೆ ಹತ್ತಿರದಷ್ಟಕ್ಕೆ ಕೆಳಗೆ ಆಧಾರ ಇರುತ್ತದೆ. ಹೊತ್ತು ಹೆಚ್ಚು ಹಿಡಿಯಿತು, ಪಿರಿಯ ಮೈ ಬೆರಳಿಗೆ ನಯವಾಗಿ ಸಿಕ್ಕಿತು. ಬಳೆ ಫಿಲ್ಟರಿನ ಮೇಲೆ ಎರಡು ಬೆರಳಿನಲ್ಲಿ ತಿರುಗಿ ಕೊನೆಯವರೆಗೂ ಹೋಯಿತು. ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಬಳಸಿದ ಪ್ಲಾಸ್ಟಿಕ್ ಪಿಇಟಿಜಿ. ಪ್ರಿಂಟರಿಗೆ ಬಳಸುವ ಇನ್ನೊಂದು ಪ್ಲಾಸ್ಟಿಕ್ ಪಿಎಲ್‌ಎ 60 ಡಿಗ್ರಿಯ ಆಸುಪಾಸಿಗೇ ಮೆತ್ತಗಾಗುತ್ತದೆ, ಅಂಗಳದ ಬಿಸಿಲಿನಲ್ಲಿ ಬಿದ್ದಿರುವ ಪಂಪಿಗೆ ಅದು ಬೇಡ. ಅಂಚು ಕೆಳಗೆ, ಬಾಯಿ ಮೇಲೆ ಇಟ್ಟು, ಗೋಡೆಗೆ ಆರು ಸುತ್ತು ಎಳೆ ಹಾಕಿ, ಹೊರಮೈಗೆ ಸ್ಪ್ಯಾನರಿನ ಆರು ಮುಖದ ಬದಲು ಕೈಯಲ್ಲಿ ಹಿಡಿದು ತಿರುಗಿಸುವ ಏಣುಗಳನ್ನು ಇಟ್ಟೆ. ಸ್ಪ್ಯಾನರ್ ಹಾಕುವ ಆಸೆಯೇ ಬರಬಾರದು. ಇಂಥ ಸಮಾನಾಂತರ ಪಿರಿಯಲ್ಲಿ ನೀರು, ಗಾಳಿ ತಡೆಯುವುದು ಪಿರಿಯಲ್ಲ, ಮುಖದ ಮೇಲಿನ ರಬ್ಬರ್ ವಾಷರು. ಇಲ್ಲಿ ಟೆಫ್ಲಾನ್ ಟೇಪ್ ಸುತ್ತಿಯೂ ಉಪಯೋಗವಿಲ್ಲ. ಹಳೆಯ ವಾಷರ್ ಗಟ್ಟಿಯಾಗಿತ್ತು, ಹೊಸದನ್ನು ಹಾಕಿದೆ. ವಾಷರ್ ಸರಿ ಇದ್ದರೆ ಕೈ ಬಿಗಿ ಸಾಕು.

ಇನ್ನೊಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಇದು ಪಂಪಿನ ಎಳೆಯುವ ಬದಿಯ ನಟ್ಟು. ಅಲ್ಲಿ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ಎಷ್ಟೇ ಆದರೂ ವಾತಾವರಣದ ಒತ್ತಡವನ್ನು, ಸುಮಾರು 1 ಬಾರನ್ನು, ಮೀರದು. ದೋಟಿಯ (ಸಿಂಪಡಿಸುವ ಉದ್ದ ಕೋಲಿನ) ಕಡೆಗೆ ಮದ್ದು ತಳ್ಳುವ ಬದಿಯಲ್ಲಿ ಹತ್ತಾರು ಬಾರ್ ಇರುತ್ತದೆ. ಪದರ ಪದರವಾಗಿ ಕಟ್ಟಿದ ಪ್ಲಾಸ್ಟಿಕ್ ಅಕ್ಷದ ದಿಕ್ಕಿನಲ್ಲಿ ಎಳೆದರೆ ಪದರ ಬಿಡುತ್ತದೆ. ಆ ಬದಿಗೆ ಪ್ರಿಂಟ್ ಮಾಡಿದ ನಟ್ಟು ಹಾಕುವ ಯೋಚನೆಯನ್ನೇ ಮಾಡಬೇಡಿ. ಒಡೆದರೆ ಮುಖಕ್ಕೆ ಹಾರುತ್ತದೆ.

ಮರುದಿನ ಮೊದಲು ಬರೀ ನೀರು ಎಳೆಸಿದೆವು. ಪೈಪಿನ ಪಕ್ಕ ಕುಳಿತು ಹತ್ತು ನಿಮಿಷ ಕಣ್ಣು ಕೀಳದೆ ನೋಡಿದೆ. ಮೊದಲ ಅರ್ಧ ನಿಮಿಷ ಉಳಿದಿದ್ದ ಗುಳ್ಳೆಗಳು ಹೋದವು, ಆಮೇಲೆ ಒಂದೂ ಬರಲಿಲ್ಲ. ಅಪ್ಪ ಮದ್ದು ಕೂಡಿಸಿದರು: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ. ಮಸೆದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆದು ನೋಡಿದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಮೊದಲ ಸಲ ತೆಳುವಾಗಿ ಕೆಂಪು ಕಂಡಿತು, ಒಂದು ಹಿಡಿ ಸುಣ್ಣದ ತಿಳಿ ಹೊಯ್ದರು, ಎರಡನೆಯ ಸಲ ಅಲಗು ಬೆಳ್ಳಗೇ ಇತ್ತು.

ಮದ್ದು ಬಿಡುವ ಅಣ್ಣ ನಟ್ಟನ್ನು ಹಿಡಿದು, ಬಿಚ್ಚಿ, ಮತ್ತೆ ಹಾಕಿ ನೋಡಿದರು.

"ಪಿರಿ ಚೆನ್ನಾಗಿ ಕೂರುತ್ತದೆ ಅಕ್ಕಾ. ಇದನ್ನು ಮನೆಯಲ್ಲೇ ಮಾಡಿದ್ದೋ?"

"ಹೌದು. ಸ್ಪ್ಯಾನರ್ ಮಾತ್ರ ಹಾಕಬೇಡಿ."

"ಕೈಯಲ್ಲೇ ನಿಲ್ಲುವಾಗ ಸ್ಪ್ಯಾನರ್ ಯಾಕೆ?"

ಮಧ್ಯಾಹ್ನ ಮೂರರವರೆಗೆ ಮಳೆ ಬರಲಿಲ್ಲ. ಕೆಳಗಿನ ತೋಟ ಪೂರ್ತಿ ಮುಗಿಯಿತು. ಮೇಲಿನದು ಅರ್ಧವಾಗುವಾಗ ಪಡುವಣದಲ್ಲಿ ಮೋಡ ಕಟ್ಟಿತು, ಪಂಪು ತೊಳೆದು ಒಳಗಿಟ್ಟರು. ಸಂಜೆ ನಟ್ಟು ಬಿಚ್ಚಿ ನೋಡಿದೆ. ತಗ್ಗುಗಳಲ್ಲಿ ತೆಳು ನೀಲಿ ಹತ್ತಿತ್ತು, ಮೂಲೆಯಲ್ಲಿ ಗೆರೆ ಬಿಟ್ಟಿರಲಿಲ್ಲ. ಅದೇ ರಾತ್ರಿ ಇನ್ನೊಂದು ಪ್ರಿಂಟ್ ಮಾಡಿ, ದಾರ ಕಟ್ಟಿ, ಪಂಪಿನ ಹಿಡಿಗೆ ನೇತು ಹಾಕಿದೆ. ನೆರೆಮನೆಯ ಮಾವ ಬೆನ್ನಿಗೆ ಹಾಕುವ ಸಿಂಪಡಣೆ ಡಬ್ಬದ ಮುಚ್ಚಳ ತಂದು ಜಗಲಿಯ ಮೇಲೆ ಇಟ್ಟು ಹೋಗಿದ್ದಾರೆ. ಅದರದ್ದು ಒರಟು ಪಿರಿ, ಒಂದು ಬದಿ ನೇರ, ಇನ್ನೊಂದು ಬದಿ ಇಳಿಜಾರು. ಕಾಗದ ಇಟ್ಟು ಉಜ್ಜಿಯಾಗಿದೆ, ಮೂರೇ ಗೆರೆ ಮೂಡಿವೆ.